ಎಡಗಡೆ ಪುಟದವರು

ನಮ್ಮೂರಿನಲ್ಲಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಪುರಸಭೆಯ ಅಂಗಳದಲ್ಲಿ ಹೆಸರು ಓದುತ್ತಾರೆ. ಊರಿನಲ್ಲಿರುವ ಎಲ್ಲರ ಹೆಸರನ್ನೂ, ಒಂದಾದ ಮೇಲೊಂದರಂತೆ. ಹೆಸರು ಕರೆದವರು ಕಾಣುತ್ತಾರೆ. ಓದುವವರು ಕೊನೆಯಲ್ಲಿ "ಇಷ್ಟು" ಅನ್ನುತ್ತಾರೆ. ಆ ಮಾತು ಬಿದ್ದ ಕ್ಷಣದಿಂದ, ಹೆಸರು ಬಾರದೆ ಉಳಿದವರು ಮುಂದಿನ ಓದಿನವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಉಟ್ಟ ಬಟ್ಟೆ, ಕೈಯಲ್ಲಿ ಹಿಡಿದ ಸಾಮಾನು ಎಲ್ಲವೂ ಅವರ ಜೊತೆಗೇ ಮಾಯ. ಕೆಳಗಿಟ್ಟರೆ ಸಾಮಾನು ಮಾತ್ರ ಕಾಣುತ್ತದೆ. ಮಾತು ಕೇಳಿಸುತ್ತದೆ, ಮುಟ್ಟಿದರೆ ಸಿಗುತ್ತಾರೆ. ಇದೇಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಮಳೆ ಮೇಲಿಂದಲೇ ಯಾಕೆ ಬೀಳುತ್ತದೆ ಎಂದು ಬೇರೆ ಊರಿನವರು ಕೇಳುತ್ತಾರೆಯೇ? ಬಂದ ನೆಂಟರು ಹಿಂದಿನ ದಿನ ಶನಿವಾರ ಸಂಜೆಯೊಳಗೆ ಹೊರಟುಬಿಡುತ್ತಾರೆ, ಅಷ್ಟೆ. ಎಷ್ಟೋ ಮನೆಗಳಿಗೆ ಇದು ಅನುಕೂಲವೇ ಆಗಿದೆ.

ಪದ್ಮನಾಭಯ್ಯನವರು ಮೂವತ್ತೊಂದು ವರ್ಷ ಈ ಪಟ್ಟಿ ಓದಿದರು. ದಪ್ಪ ರಟ್ಟಿನ ರಿಜಿಸ್ಟರು, ಮೂಗಿನ ತುದಿಗೆ ಇಳಿದ ಕನ್ನಡಕ, ಪಕ್ಕದಲ್ಲಿ ಒಂದು ಲೋಟ ಜೀರಿಗೆ ನೀರು. ಅವರ ಕಾಲದಲ್ಲಿ ತಪ್ಪಾದದ್ದು ಒಂದೇ ಸಲ. ಓದುವಾಗ ಸೀನು ಬಂದು, ವಾಲಗದ ತಿಮ್ಮಪ್ಪನ ಹೆಸರು ಆ ಸೀನಿನೊಳಗೆ ಸೇರಿಹೋಯಿತು. ಆ ತಿಂಗಳು ಮೂರು ಮದುವೆಗಳಲ್ಲಿ ವಾಲಗ ಗಾಳಿಯಿಂದಲೇ ಕೇಳಿಸಿತು, ಪಂಕ್ತಿಯಲ್ಲಿ ಒಂದೆಲೆಯ ಹೋಳಿಗೆ ಯಾರೂ ಮುಟ್ಟದೆ ಖಾಲಿಯಾಗುತ್ತಿತ್ತು. ತಿಮ್ಮಪ್ಪ ಆಮೇಲೆ ಅದನ್ನು ತನ್ನ ಬದುಕಿನ ಅತ್ಯಂತ ಸುಖದ ತಿಂಗಳು ಎಂದು ಹೇಳಿಕೊಂಡು ತಿರುಗಿದ್ದರಿಂದ ಪದ್ಮನಾಭಯ್ಯನವರಿಗೆ ದೊಡ್ಡ ಬೇಸರವೇನೂ ಆಗಲಿಲ್ಲ.

ಅವರು ನಿವೃತ್ತರಾದ ಮೇಲೆ ಪುರಸಭೆಗೆ ಕಂಪ್ಯೂಟರ್ ಬಂತು, ಅದರ ಹಿಂದೆಯೇ ನಾನು ಬಂದೆ. ನನ್ನ ಹೆಸರು ಇಂದುಮತಿ. ಪಕ್ಕದ ಪಟ್ಟಣದಲ್ಲಿ ಎಂಟು ತಿಂಗಳು ಡೇಟಾಬೇಸ್ ಕಲಿತು ಬಂದಿದ್ದೆ. ಎಂಟು ತಿಂಗಳೂ ಪ್ರತಿ ಮೊದಲ ಭಾನುವಾರ ಊರಿನಲ್ಲಿ ನನ್ನ ಹೆಸರು ಓದುತ್ತಿದ್ದರು. ಅಲ್ಲಿದ್ದುಕೊಂಡೇ ಇಲ್ಲಿ ಕಾಣುವ ಹಕ್ಕು ಉಳಿಸಿಕೊಂಡಿದ್ದೆ. ಮುಖ್ಯಾಧಿಕಾರಿ ಬಸವಂತಪ್ಪನವರು ಹಳೆಯ ರಿಜಿಸ್ಟರನ್ನು ನನ್ನ ಮೇಜಿನ ಮೇಲಿಟ್ಟು, "ಇನ್ಮೇಲೆ ಪಟ್ಟಿ ಇದ್ರಿಂದ ಬರ್ಬೇಕಮ್ಮ," ಎಂದು ಕಂಪ್ಯೂಟರಿನ ತಲೆ ಸವರಿದರು. "ಬರೀ ಹೆಸರು ಬೇಡ. ಜೊತೆಗೆ ಮನೆ ನಂಬರೂ ಬರ್ಲಿ. ಊರಲ್ಲಿ ಹದಿನಾಲ್ಕು ಜನ ರಾಮಕ್ಕ ಇದಾರೆ. ಯಾವ ರಾಮಕ್ಕ ಅಂತ ಗೊತ್ತಾಗ್ಬೇಕಲ್ಲ."

ಕಂಪ್ಯೂಟರಿನಲ್ಲಿ ಎರಡು ಟೇಬಲ್, ಅಂದರೆ ಕೋಷ್ಟಕ, ಮಾಡಿದೆ. ಒಂದರಲ್ಲಿ ಜನ: ಮೂರು ಸಾವಿರದ ನೂರ ಹನ್ನೆರಡು ಹೆಸರು. ಇನ್ನೊಂದರಲ್ಲಿ ಮನೆಗಳು: ಯಾವ ನಂಬರಿನಲ್ಲಿ ಯಾರ್ಯಾರ ವಾಸ ಎಂಬ ವಿವರ. ಆಮೇಲೆ ಎರಡನ್ನೂ ಜೋಡಿಸು ಎಂದು ಕಂಪ್ಯೂಟರಿಗೆ ಒಂದು ಆದೇಶ, ಅಂದರೆ ಕ್ವೆರಿ, ಬರೆದೆ. ಜಾಯಿನ್ ಎಂದು ಬರೆದರೆ ಸಾಕು, ಈ ಹೆಸರಿಗೆ ಆ ಮನೆ ಎಂದು ಅದೇ ಹೊಂದಿಸಿಕೊಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೊಟ್ಟೂಬಿಟ್ಟಿತು. ಹೆಸರು, ಮುಂದೆ ನಂಬರು. ಹೆಸರು, ಮುಂದೆ ನಂಬರು. ಒಂದು ಜಾಗವೂ ಖಾಲಿ ಇಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ಸಾವಿರದ ಎಪ್ಪತ್ತೊಂದು ಸಾಲು ಎಂದು ತೋರಿಸುತ್ತಿತ್ತು. ನಾನು ಅದನ್ನು ನೋಡಲಿಲ್ಲ. ಪ್ರಿಂಟಿನ ಅಂಚು ನೆಟ್ಟಗಿದೆಯೇ ಎಂದು ನೋಡಿದೆ.

ಆ ಭಾನುವಾರ ನಾನೇ ಓದಿದೆ. ನನ್ನ ಅಜ್ಜಿ ಅಚ್ಚಮ್ಮ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ, ನನ್ನ ಮೊಣಕೈ ಹಿಡಿದುಕೊಂಡು ನಿಂತಿದ್ದಳು. ಮೊಮ್ಮಗಳು ಊರಿಗೆಲ್ಲ ಹೆಸರು ಕೊಡುತ್ತಿದ್ದಾಳೆ ಎಂಬ ಜಂಬ. ಅಜ್ಜಿಗೆ ನಾಲ್ಕು ಜನ ಹೆಣ್ಣುಮಕ್ಕಳು, ನಾಲ್ವರೂ ಊರಲ್ಲೇ. ಮೂರು ಮೂರು ತಿಂಗಳು ಒಬ್ಬೊಬ್ಬರ ಮನೆಯಲ್ಲಿರುತ್ತಾಳೆ. ಅದು ಅವಳೇ ಮಾಡಿಕೊಂಡ ಏರ್ಪಾಡು. ಒಂದೇ ಅಡುಗೆಮನೆಯಲ್ಲಿ ವರ್ಷವಿಡೀ ತಪ್ಪು ಹುಡುಕಿದರೆ ಬೇಗ ಮುಗಿದುಹೋಗುತ್ತದೆ ಎನ್ನುತ್ತಾಳೆ. ಆಗ ನಮ್ಮ ಮನೆಯ ಸರದಿ. ನಾನು ಕೊನೆಯ ಹೆಸರು ಓದಿ, ಗಂಟಲು ಸರಿಮಾಡಿಕೊಂಡು, "ಇಷ್ಟು" ಎಂದೆ.

ಮೊಣಕೈ ಮೇಲೆ ಅಜ್ಜಿಯ ಕೈ ಹಾಗೇ ಇತ್ತು. ಅಜ್ಜಿ ಇರಲಿಲ್ಲ.

"ಏನೇ ಇಂದೂ," ಎಂದಿತು ಪಕ್ಕದ ಗಾಳಿ, "ನನ್ನ ಹೆಸರು ನುಂಗಿಬಿಟ್ಟೆಯಲ್ಲೇ."

ಅಂಗಳದಲ್ಲೂ ಗದ್ದಲ ಎದ್ದಿತು. ಕ್ಷೌರದ ಮುದ್ದಯ್ಯ ಮಾತಾಡುತ್ತಾ ಮಾತಾಡುತ್ತಾ ಮಾಯವಾಗಿದ್ದ. ಮಾತು ಮಾತ್ರ ನಡೆದೇ ಇತ್ತು. ದೋಣಿ ನಡೆಸುವ ಇಮಾಮ್‌ಸಾಬಿ, "ನಾನು ಇಲ್ಲೇ ಇದೀನಿ, ತುಳೀಬೇಡ್ರಪ್ಪಾ," ಎಂದು ಕೂಗುತ್ತಿದ್ದ. ಹೆಣ್ಣುಮಕ್ಕಳ ಹಾಸ್ಟೆಲಿನ ಫ್ಲೋರಿನ್ ಟೀಚರ್ ನಿಂತಿದ್ದ ಕಡೆ ಅವರು ಕೆಳಗಿಟ್ಟ ಕೈಚೀಲವೊಂದೇ ಇತ್ತು. ಒಟ್ಟು ನಲವತ್ತೊಂದು ಜನ. ಬಸವಂತಪ್ಪನವರು ನನ್ನ ಮುಖ ನೋಡಿದರು. ನಾನು ಕಾಗದದ ಅಂಚು ನೋಡಿದೆ. ಅದು ನೆಟ್ಟಗೇ ಇತ್ತು.

ಓದಿದ್ದನ್ನು ತಿದ್ದಲು ಬರುವುದಿಲ್ಲ. ಮುಂದಿನ ಮೊದಲ ಭಾನುವಾರವೇ ಆಗಬೇಕು. ಹಾಗಾಗಿ ಊರು ಒಂದು ತಿಂಗಳ ಮಟ್ಟಿಗೆ ಹೊಂದಿಕೊಂಡಿತು. ಕಚೇರಿ, ಹೋಟೆಲು, ಚಿತ್ರಮಂದಿರ ಎಲ್ಲ ಕಡೆ "ಕುರ್ಚಿ ತಡವಿ ಕೂರಿ" ಎಂದು ಬೋರ್ಡು ಬಿತ್ತು. ಮುದ್ದಯ್ಯನ ಅಂಗಡಿಗೆ ಬಂದವರು ಕನ್ನಡಿಯಲ್ಲಿ ತಮ್ಮ ಕೂದಲು ತಾನೇ ಉದುರುವುದನ್ನು ನೋಡಿ ನಡುಗುತ್ತಿದ್ದರು. ಆದರೆ ಅವನು, "ಅಲ್ಲಾಡ್ಬೇಡಿ, ಕತ್ತಿ ನಿಮ್ಮ ಕಿವಿ ಹತ್ರಾನೇ ಇದೆ," ಎಂದರೆ ಯಾರೂ ಅಲ್ಲಾಡುತ್ತಿರಲಿಲ್ಲ. ಇಷ್ಟು ನೇರವಾದ ಕಿವಿಪಕ್ಕದ ಗೆರೆ ತಾನು ಹಿಂದೆಂದೂ ಕೊಟ್ಟಿರಲಿಲ್ಲ ಎಂದು ಅವನೇ ಒಪ್ಪಿಕೊಂಡ. ಇಮಾಮ್‌ಸಾಬಿಯ ದೋಣಿ ತನ್ನಷ್ಟಕ್ಕೆ ಹೊಳೆ ದಾಟುತ್ತಿತ್ತು. ಮೊದಲ ವಾರ ಯಾರೂ ಹತ್ತಲಿಲ್ಲ. ಆಮೇಲೆ ಅವನು ದಡದಿಂದ ದಡಕ್ಕೆ ಬಿಡದೆ ಹಾಡತೊಡಗಿದ, ಜನ ಹತ್ತಿದರು. ಹಾಡು ಮಾತ್ರ ನಿಲ್ಲಿಸು ಎಂದು ಬೇಡಿಕೊಂಡರು. ನಿಲ್ಲಿಸಿದರೆ ಭಯ, ಹಾಡಿದರೆ ಹಿಂಸೆ. ಹಾಸ್ಟೆಲಿನಲ್ಲಿ ಫ್ಲೋರಿನ್ ಟೀಚರ್ ಎಲ್ಲಿ ನಿಂತಿದ್ದಾರೋ ತಿಳಿಯದೆ ಹುಡುಗಿಯರು ಸಂತರಂತೆ ಓದುತ್ತಿದ್ದರು.

ಅಜ್ಜಿಯೇ ಎಲ್ಲರಿಗಿಂತ ಹೆಚ್ಚು ಖುಷಿಯಲ್ಲಿದ್ದಳು. ಒಂದು ದಿನ ದೊಡ್ಡಮ್ಮನ ಮನೆ, ಒಂದು ದಿನ ಚಿಕ್ಕಮ್ಮನ ಮನೆ ಎಂದು ಹೇಳದೆ ಕೇಳದೆ ಹೋಗಿ ಮೂಲೆಯಲ್ಲಿ ಕೂತು ಬರುತ್ತಿದ್ದಳು. "ನಿಮ್ಮ ದೊಡ್ಡಮ್ಮ ನಾನು ಹೇಳ್ಕೊಟ್ಟ ಗೊಜ್ಜನ್ನ ತನ್ನ ಅತ್ತೆ ಹೇಳ್ಕೊಟ್ಟಿದ್ದು ಅಂತ ಹೇಳ್ತಾ ಇದ್ಲು. ಅಲ್ಲೇ ಮೆಲ್ಲಗೆ ಕೆಮ್ಮಿದೆ. ಸೌಟು ಕೈಯಿಂದ ಬಿತ್ತು," ಎಂದು ನಕ್ಕು ನಕ್ಕು ಸುಸ್ತಾದಳು. ನನಗೆ ನಗು ಬರಲಿಲ್ಲ. ಆ ನಗುವಿಗೆ ಒಂದು ಬಾಯಿ, ಎರಡು ಹಲ್ಲಿನ ನಡುವಿನ ಸಂದಿ ಇರುತ್ತಿತ್ತಲ್ಲ, ಅದನ್ನು ಹುಡುಕುತ್ತಿದ್ದೆ.

ತಪ್ಪು ಎಲ್ಲಿ ಆಯಿತೆಂದು ನನಗೆ ತಿಳಿಯಲಿಲ್ಲ. ಜನರ ಟೇಬಲ್ಲಿನಲ್ಲಿ ಅಚ್ಚಮ್ಮನ ಹೆಸರು ಇತ್ತು. ಮುದ್ದಯ್ಯನದೂ ಇತ್ತು. ಪಟ್ಟಿಯಲ್ಲಿ ಮಾತ್ರ ಇರಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು, ರಿಜಿಸ್ಟರು ಬಗಲಲ್ಲಿಟ್ಟುಕೊಂಡು ಪದ್ಮನಾಭಯ್ಯನವರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಬಾ ಎನ್ನಲಿಲ್ಲ. ಅರ್ಧ ಕಾಯಿ ನನ್ನ ಕಡೆ ತಳ್ಳಿದರು. ನಾನೂ ನಾರು ತೆಗೆಯುತ್ತಾ ಎಲ್ಲ ಹೇಳಿದೆ.

"ರಿಜಿಸ್ಟರು ತೆಗಿ," ಎಂದರು. "ಎಡಗಡೆ ಪುಟದಲ್ಲಿ ಏನಿದೆ?"

"ಹೆಸರು."

"ಬಲಗಡೆ?"

"ಮನೆ ನಂಬರು."

"ಮುದ್ದಯ್ಯನ ಮುಂದೆ?"

ಬಲಗಡೆ ಪುಟದಲ್ಲಿ ಮುದ್ದಯ್ಯನ ಹೆಸರಿಗೆ ನೇರವಾಗಿ ಒಂದು ಸಣ್ಣ ಅಡ್ಡಗೆರೆ ಇತ್ತು. ಅವನು ಅಂಗಡಿಯಲ್ಲೇ ಮಲಗುತ್ತಾನೆ. ಅಂಗಡಿ ಮನೆಯಲ್ಲ, ಅದಕ್ಕೆ ಮನೆ ನಂಬರಿಲ್ಲ. ಇಮಾಮ್‌ಸಾಬಿ ದೋಣಿಯಲ್ಲಿ ಇರುತ್ತಾನೆ. ಅವನ ಮುಂದೆಯೂ ಗೆರೆ. ಫ್ಲೋರಿನ್ ಟೀಚರ್ ಮುಂದೆಯೂ. ಅಜ್ಜಿಗೆ ನಾಲ್ಕು ಮನೆ, ಯಾವುದರಲ್ಲೂ ಕಾಯಂ ವಾಸವಿಲ್ಲ. ಗೆರೆ. ಮನೆಗಳ ಟೇಬಲ್ ತುಂಬುವಾಗ ಈ ಗೆರೆಗಳನ್ನು ನಾನು ನೋಡಿದ್ದೆ. ಮುದುಕರ ಸೋಮಾರಿತನ ಎಂದುಕೊಂಡು ಬಿಟ್ಟು ಮುಂದೆ ಹೋಗಿದ್ದೆ.

"ಖಾಲಿ ಅಂದ್ಕೊಂಡೆ," ಎಂದೆ.

"ಖಾಲಿ ಅಲ್ಲ ಕಣಮ್ಮ. ಹುಡುಕಿದೆ, ಸಿಗ್ಲಿಲ್ಲ ಅಂತ. ಹುಡುಕಿದ್ದಕ್ಕೆ ಅದು ಗುರುತು." ಅವರು ಕೈ ಒರೆಸಿಕೊಂಡು ಎಡಗಡೆ ಪುಟದ ಮೇಲೆ ಬೆರಳಿಟ್ಟರು. "ನಾನು ಯಾವತ್ತೂ ಇದನ್ನ ಹಿಡ್ಕೊಂಡು ಓದ್ತಿದ್ದೆ. ಇಲ್ಲಿರೋರು ಎಲ್ರೂ ಬರ್ಬೇಕು. ಬಲಗಡೆ ಇದ್ರೆ ಓದೋದು, ಇಲ್ದಿದ್ರೆ ಒಂದು ಉಸಿರು ಬಿಟ್ಟು ಮುಂದಿನ ಹೆಸರಿಗೆ ಹೋಗೋದು. ನಿನ್ನ ಪೆಟ್ಟಿಗೆ ಎರಡೂ ಕಡೆ ಸಿಕ್ರೆ ಮಾತ್ರ ಮನುಷ್ಯ ಅಂತ ಒಪ್ಕೊಂಡಿದೆ."

ಓಡಿಬಂದು ಪುಸ್ತಕ ತೆಗೆದೆ. ಜಾಯಿನ್ ಎಂಬ ಪದದ ಹಿಂದೆ ಲೆಫ್ಟ್ ಎಂಬ ಇನ್ನೊಂದು ಪದ ಹಾಕಬಹುದೆಂದು ಎಂಟು ತಿಂಗಳಲ್ಲಿ ಯಾವುದೋ ಒಂದು ಮಧ್ಯಾಹ್ನ ಹೇಳಿಕೊಟ್ಟಿದ್ದರು. ಅವತ್ತು ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆನೋ ಏನೋ. ಲೆಫ್ಟ್ ಜಾಯಿನ್ ಎಂದರೆ ಎಡಗಡೆಯ ಟೇಬಲ್ಲಿನವರು ಯಾರೂ ಬಿಟ್ಟುಹೋಗುವುದಿಲ್ಲ. ಬಲಗಡೆ ಜೊತೆ ಸಿಗದಿದ್ದವರ ಮುಂದೆ ಕಂಪ್ಯೂಟರ್ ನಲ್ ಎಂದು ಬರೆಯುತ್ತದೆ. ಅದೇ ಪದ್ಮನಾಭಯ್ಯನವರ ಅಡ್ಡಗೆರೆ. ಆ ಒಂದು ಪದ ಸೇರಿಸಿ ಓಡಿಸಿದೆ. ಕೆಳಗೆ ಮೂರು ಸಾವಿರದ ನೂರ ಹನ್ನೆರಡು ಎಂದು ಬಂತು. ಈ ಸಲ ಅಂಚನ್ನಲ್ಲ, ಆ ಸಂಖ್ಯೆಯನ್ನೇ ನೋಡಿದೆ. ಮೇಜಿನ ಎದುರಿನ ಖಾಲಿ ಕುರ್ಚಿಗೆ, "ಅಜ್ಜಿ, ಸಿಕ್ಕಿದೆ," ಎಂದೆ. ಅಜ್ಜಿ ಅಲ್ಲಿರಲಿಲ್ಲ. ಅಲ್ಲಿ ಕೂತಿದ್ದ ಮುದ್ದಯ್ಯ, "ಒಳ್ಳೇದಾಯ್ತಮ್ಮ," ಎಂದ.

ಆದರೆ ಅದೇ ತಿಂಗಳು ಬಸವಂತಪ್ಪನವರು ಊರಿನ ಮನೆಗಳಿಗೆಲ್ಲ ಹೊಸ ನಂಬರಿನ ತಗಡು ಹೊಡೆಸಿದರು. ಹಳೆಯ ನಂಬರೂ ದಾಖಲೆಯಲ್ಲಿ ಉಳಿಯಬೇಕೆಂದರು. ಹಾಗಾಗಿ ಮನೆಗಳ ಟೇಬಲ್ಲಿನಲ್ಲಿ ಪ್ರತಿಯೊಂದಕ್ಕೂ ಎರಡು ಸಾಲಾಯಿತು. ಓದಿನ ಹಿಂದಿನ ದಿನ ಪ್ರಿಂಟ್ ತೆಗೆದರೆ ಮನೆ ಇರುವ ಎಲ್ಲರ ಹೆಸರೂ ಎರಡೆರಡು ಸಲ. ಹೆಸರನ್ನು ಎರಡು ಸಲ ಓದಿದರೆ ಏನಾಗುತ್ತದೆಂದು ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ. ತಿಳಿಯುವ ಆಸೆಯೂ ಇಲ್ಲ.

"ಹೊಸ ನಂಬರ್ ಇರೋದನ್ನ ಮಾತ್ರ ತಗೊಳಮ್ಮ, ಆಯ್ತಲ್ಲ," ಎಂದರು ಬಸವಂತಪ್ಪನವರು. ಸುಲಭದ ಕೆಲಸ. ಕ್ವೆರಿಯ ಕೊನೆಯಲ್ಲಿ, ನಂಬರು ಹೊಸದಾಗಿರಬೇಕು ಎಂದು ಒಂದು ಷರತ್ತು ಹಾಕಿದೆ. ಎರಡೆರಡು ಬರುವುದು ನಿಂತಿತು. ಕರೆಂಟು ಹೋಗುವ ಹೊತ್ತಾಗಿತ್ತು. ಅವಸರದಲ್ಲಿ ಪ್ರಿಂಟ್ ತೆಗೆದು ಮನೆಗೆ ಹೋದೆ.

ಮರುದಿನ ಓದುತ್ತಾ ಹೋದಂತೆ ನನ್ನ ದನಿ ಸಣ್ಣದಾಯಿತು. ಮುದ್ದಯ್ಯ ಬರಬೇಕಾದಲ್ಲಿ ಬರಲಿಲ್ಲ. ಇಮಾಮ್‌ಸಾಬಿ ಬರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಓದುವವರು ಬಾಯಿಯಿಂದ ಸೇರಿಸಿದರೆ ನಡೆಯುವುದಿಲ್ಲ, ಅದನ್ನೂ ಪ್ರಯತ್ನಿಸಿದೆ. "ಅಚ್ಚಮ್ಮ" ಎಂದು ಗಟ್ಟಿಯಾಗಿ ಕೂಗಿದೆ. ನನ್ನ ಪಕ್ಕದ ಗಾಳಿ ಗಾಳಿಯಾಗಿಯೇ ಉಳಿಯಿತು. ಅದೇ ನಲವತ್ತೊಂದು ಜನ.

ಆಮೇಲೆ ಕೂತು ನೋಡಿದಾಗ ಗೊತ್ತಾಯಿತು. ಲೆಫ್ಟ್ ಜಾಯಿನ್ ಪಾಪ ತನ್ನ ಕೆಲಸ ಮಾಡಿತ್ತು, ಎಲ್ಲರನ್ನೂ ಒಳಗೆ ಕರೆದಿತ್ತು. ಆದರೆ ನಾನು ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿದ್ದೆ. ಅವನು ಒಬ್ಬೊಬ್ಬರನ್ನೂ, ನಿನ್ನ ಮನೆ ನಂಬರು ಹೊಸದೇ ಎಂದು ಕೇಳಿದ. ಮನೆಯೇ ಇಲ್ಲದವರು ಹೌದು ಎನ್ನುವುದು ಹೇಗೆ? ಅವರನ್ನು ಹೊರಗೆ ಕಳಿಸಿದ. ಆ ಷರತ್ತನ್ನು ಕೊನೆಯಲ್ಲಿ ಹಾಕದೆ, ಜೋಡಿಸುವ ಸಾಲಿನಲ್ಲೇ, ಅಂದರೆ ಮನೆ ಹುಡುಕುವಾಗಲೇ ಹಾಕಬೇಕಿತ್ತು. ಹೊಸ ನಂಬರಿನ ಮನೆ ಮಾತ್ರ ಹುಡುಕು, ಸಿಗದಿದ್ದರೂ ಮನುಷ್ಯನನ್ನು ಬಿಡಬೇಡ. ಒಂದು ಸಾಲನ್ನು ಎರಡು ಸಾಲು ಮೇಲೆ ಒಯ್ದರೆ ಆಗುತ್ತಿತ್ತು. ಎರಡು ಸಾಲಿನ ಸಲುವಾಗಿ ಇನ್ನೊಂದು ತಿಂಗಳು.

ಈ ಸಲ ಊರು ನಗಲಿಲ್ಲ. ಸೋಮವಾರ ಬೆಳಿಗ್ಗೆ ಮುದ್ದಯ್ಯ ನನ್ನ ಮೇಜಿನ ಮುಂದೆ ನಿಂತಿದ್ದು ಎಣ್ಣೆಯ ವಾಸನೆಯಿಂದ ತಿಳಿಯಿತು. "ನಾನು ಏನ್ ತಪ್ಪು ಮಾಡಿದೀನಿ ಹೇಳಮ್ಮ. ಮನೆ ಕಟ್ಟಿಲ್ಲ, ಅದೇ ತಾನೆ," ಎಂದ. ಅವನ ದನಿ ಸ್ವಲ್ಪ ದೂರದಿಂದ ಬಂದಂತೆ ಕೇಳಿಸಿತು. ಮನೆಗೆ ಹೋದರೆ ಅಜ್ಜಿಯ ದನಿಯೂ ಹಾಗೇ, ಮಡಕೆಯ ಒಳಗಿಂದ ಬಂದ ಹಾಗೆ.

ಪದ್ಮನಾಭಯ್ಯನವರು ತಾವಾಗಿಯೇ ನಮ್ಮ ಮನೆಗೆ ಬಂದರು. ಕೂರಲಿಲ್ಲ. "ಇದನ್ನ ಹೇಳೋ ಸಂದರ್ಭ ಬರುತ್ತೆ ಅಂದ್ಕೊಂಡಿರ್ಲಿಲ್ಲ," ಎಂದರು. "ನನಗೆ ನನ್ನ ಹಿಂದಿನ ಗುಮಾಸ್ತರು ಹೇಳಿದ್ದು. ಮೂರು ಓದು ಸಾಲಾಗಿ ತಪ್ಪಿದ್ರೆ ದನಿಯೂ ಹೋಗುತ್ತಂತೆ. ಎರಡು ತಪ್ಪಿದೆ."

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಅಮ್ಮ ಗೋಡೆ ನೋಡಿಕೊಂಡು ಕಣ್ಣೊರೆಸಿಕೊಂಡಳು. ಆಮೇಲೆ ಒಲೆಯ ಪಕ್ಕದಿಂದ ಅಜ್ಜಿ ಹೇಳಿದಳು: "ಕಾಣ್ದಿದ್ರೆ ಬೇಜಾರಿಲ್ಲ ಕಣೇ ಇಂದೂ. ಕೇಳ್ದೇ ಹೋದ್ರೆ ನಾನು ಯಾರ ಜೊತೆ ಜಗಳ ಆಡ್ಲಿ?"

ಇನ್ನು ಅಂದಾಜಿನ ಕೆಲಸ ಬೇಡವೆಂದುಕೊಂಡೆ. ಷರತ್ತನ್ನು ಮೇಲಕ್ಕೆ ಒಯ್ದೆ. ಆಮೇಲೆ ಬಲಗಡೆ ನಲ್ ಇರುವವರನ್ನು ಮಾತ್ರ ತೋರಿಸು ಎಂದು ಬೇರೆಯದೊಂದು ಪಟ್ಟಿ ತೆಗೆದೆ. ಜೊತೆ ಸಿಗದವರದೇ ಪಟ್ಟಿ, ನಲವತ್ತೊಂದು ಹೆಸರು. ಆ ನಲವತ್ತೊಂದು ಜನವೂ ನಿಜವಾಗಿ ಇದ್ದಾರೆಯೇ ಎಂದು ನೋಡಬೇಕಿತ್ತು. ಶುಕ್ರವಾರ ಹತ್ತು ಗಂಟೆಗೆ ಎಲ್ಲರೂ ಕಚೇರಿಯ ಪಡಸಾಲೆಗೆ ಬರಬೇಕೆಂದು ಡಂಗುರ ಸಾರಿಸಿದೆ. ಮೇಜಿನ ಮೇಲೆ ಒಂದು ಬುಟ್ಟಿ ಹುಣಸೆ ಬೀಜ, ಪಕ್ಕದಲ್ಲಿ ಹಿತ್ತಾಳೆ ತಟ್ಟೆ. ಹೆಸರು ಕರೆದಾಗ ಇದ್ದೇನೆ ಎಂದು ಹೇಳಿ, ಬುಟ್ಟಿಯಿಂದ ಒಂದು ಬೀಜ ತಟ್ಟೆಗೆ ಹಾಕಿ ಹೋಗಬೇಕು. ಸಾಕ್ಷಿಗೆ ಪದ್ಮನಾಭಯ್ಯನವರನ್ನು ಕರೆದಿದ್ದೆ. ನಿವೃತ್ತಿಯಾದ ಮೇಲೆ ಅವರು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

"ಮುದ್ದಯ್ಯ." "ಇದೀನಿ." ಟಣ್. "ಫ್ಲೋರಿನ್ ಡಿಸೋಜ." "ಪ್ರೆಸೆಂಟ್." ಟಣ್. ಹೀಗೆ ನಲವತ್ತೊಂದು ಹೆಸರು, ನಲವತ್ತೊಂದು ದನಿ. ಕೊನೆಯಲ್ಲಿ ಅಜ್ಜಿ, "ಇಲ್ದೆ ಎಲ್ಲಿ ಹೋಗ್ಲಿ," ಎಂದು ಬೀಜ ಹಾಕಿದಳು. ನನಗೆ ಸಮಾಧಾನವಾಯಿತು. ತಟ್ಟೆ ಎಳೆದುಕೊಂಡು ಎಣಿಸಿದೆ.

ನಲವತ್ತೆರಡು.

ಮತ್ತೆ ಎಣಿಸಿದೆ. ಪದ್ಮನಾಭಯ್ಯನವರು ಎಣಿಸಿದರು. ನಲವತ್ತೆರಡೇ.

"ಯಾರಪ್ಪ ಎರಡು ಹಾಕಿದ್ದು?" ಎಂದು ಅವರು ಗದರಿದರು. ನಾವು ನೋಡುತ್ತಿದ್ದಂತೆಯೇ ತಟ್ಟೆಯ ಅಂಚಿನ ಒಂದು ಬೀಜ ಮಾಯವಾಯಿತು. ಒಂದು ಕ್ಷಣ ಬಿಟ್ಟು ಅಲ್ಲಿಗೇ ಬಂದು ಬಿತ್ತು. ಟಣ್. ಮತ್ತೆ ಹೋಯಿತು, ಮತ್ತೆ ಬಿತ್ತು.

"ಇಲ್ಲಿ ಇನ್ನೊಬ್ರು ಇದಾರೆ," ಎಂದ ಇಮಾಮ್‌ಸಾಬಿ ಮೆಲ್ಲಗೆ. "ನನ್ನ ಕೈಗೆ ಬಳೆ ತಾಗ್ತು."

ನಾನು ಒಂದು ಹಾಳೆಯನ್ನು ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ಪೆನ್ಸಿಲ್ ಇಟ್ಟೆ. ಪೆನ್ಸಿಲ್ ಮಾಯವಾಯಿತು. ಹಾಳೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡತೊಡಗಿದವು, ನಾಲ್ಕನೇ ಕ್ಲಾಸಿನ ಮಕ್ಕಳು ಬರೆಯುವಂಥ ದೊಡ್ಡ ದೊಡ್ಡ ಅಕ್ಷರ. "ನಾ ದುರ್ಗವ್ವ. ಬಂದು ಒಂಬತ್ತ ವರ್ಷ ಆತು. ಚಾಪಿ ಹೆಣಿತೀನಿ."

ನಮ್ಮೂರಿನ ಸಂತೆಯ ಮೂಲೆಯಲ್ಲಿ, ಮಾರುವವರಿಲ್ಲದ ಚಾಪೆಯ ರಾಶಿಯೊಂದು ಇರುತ್ತದೆ. ಬೇಕಾದವರು ಒಂದನ್ನು ತೆಗೆದುಕೊಂಡು, ಅಲ್ಲಿ ಅಕ್ಕಿಯನ್ನೋ ಮೆಣಸಿನಕಾಯಿಯನ್ನೋ ಇಟ್ಟು ಬರುತ್ತಾರೆ. ಸುರುಳಿ ಸುತ್ತಿದರೆ ಸೊಂಟದಷ್ಟು ದಪ್ಪ, ಹಾಸಿದರೆ ತಣ್ಣಗೆ. ಯಾರು ಹೆಣೆಯುತ್ತಾರೆಂದು ಕೇಳಿದವರಿಲ್ಲ. ನಮ್ಮ ಮನೆಯಲ್ಲೇ ಮೂರು ಇವೆ.

"ಒಂಬತ್ತು ವರ್ಷ ಸುಮ್ನಿದ್ಯೇನವ್ವ?" ಎಂದು ಅಜ್ಜಿ ಕೇಳಿದಳು. "ಯಾರಿಗಾದ್ರೂ ಹೇಳ್ಬಾರ್ದಿತ್ತಾ?"

"ಮೂರು ತಿಂಗಳ ಕೂಗಿದೆ," ಎಂದು ಹಾಳೆ ಬರೆಯಿತು. "ದನಿ ಹೋತು. ಆಮ್ಯಾಲೆ ಅರ್ಜಿ ಬರದೆ. ಮೂರ ಸಲ."

ಪದ್ಮನಾಭಯ್ಯನವರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. ಎದ್ದು, ಒಳಗಿನ ಬೀರುವಿನ ಕೆಳಗಿನ ಖಾನೆಯಿಂದ ಒಂದು ಕಟ್ಟು ತಂದರು. ಯಾವ ಖಾನೆಯೆಂದು ಅವರಿಗೆ ಹುಡುಕಬೇಕಾಗಿಯೇ ಇರಲಿಲ್ಲ. ಮೂರು ಹಾಳೆ, ಅದೇ ದೊಡ್ಡ ಅಕ್ಷರ. ಮೂರರ ಮೂಲೆಯಲ್ಲೂ ಅವರದೇ ಮುದ್ದಾದ ಬರಹ: ಅರ್ಜಿದಾರರ ಹೆಸರು ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ಅರ್ಜಿಯನ್ನು ಪರಿಗಣಿಸಲಾಗದು.

"ಪಟ್ಟಿಗೆ ಸೇರಿಸಿ ಅಂತ ಕೇಳಿದ ಅರ್ಜಿಗೆ ಪಟ್ಟಿಯಲ್ಲಿಲ್ಲ ಅಂತ ಬರೆದಿದೀನಿ," ಎಂದರು. ಯಾರಿಗೆ ಹೇಳಿದರೋ ತಿಳಿಯದು. "ಎಡಗಡೆ ಪುಟದಲ್ಲಿರೋರನ್ನ ಒಬ್ರನ್ನೂ ಬಿಟ್ಟಿಲ್ಲ ಅಂತ ಮೂವತ್ತೊಂದು ವರ್ಷ ಬೀಗ್ತಾ ಇದ್ದೆ."

ನನಗೂ ಆಗಲೇ ಹೊಳೆದದ್ದು. ನನ್ನ ಕ್ವೆರಿ ಈಗ ಸರಿಯಾಗಿತ್ತು, ಎಡಗಡೆಯವರು ಎಲ್ಲರೂ ಉಳಿಯುತ್ತಿದ್ದರು. ದುರ್ಗವ್ವ ಎಡಗಡೆ ಇರಲೇ ಇಲ್ಲ. ಎಂಥ ಜಾಯಿನ್ ಬರೆದರೂ ಅವಳು ಬರುವಂತಿರಲಿಲ್ಲ.

"ಈ ಊರು ಬಿಟ್ಟು ಹೋಗ್ಬೋದಿತ್ತಲ್ಲ ದುರ್ಗವ್ವ," ಎಂದೆ. "ಬೇರೆ ಕಡೆ ಎಲ್ರಿಗೂ ಕಾಣ್ತಿದ್ರಿ."

ಹಾಳೆಯ ಮೇಲೆ ಅಕ್ಷರ ಮೂಡಿತು: "ಇಲ್ಲಿ ಹೊಳಿ ದಂಡಿ ಮ್ಯಾಲಿನ ಹುಲ್ಲು ಭಾಳ ಚೊಲೋ ಐತಿ."

ಬಸವಂತಪ್ಪನವರನ್ನು ಕರೆಸಿದೆವು. ಅವರು ಕೆಟ್ಟವರಲ್ಲ, ಆದರೆ ನಿಯಮಾವಳಿ ಓದಿದವರು. "ಹೊಸ ಹೆಸರು ಸೇರಿಸ್ಬೇಕು ಅಂದ್ರೆ ಮನೆ ನಂಬರ್ ಬೇಕೇ ಬೇಕು," ಎಂದರು. "ಕಂಪ್ಯೂಟರ್‌ಗೆ ನೇರವಾಗಿ ಹಾಕೋಕೆ ಬರಲ್ಲ. ರಿಜಿಸ್ಟರ್‌ನಲ್ಲಿ ಇರೋದನ್ನ ಮಾತ್ರ ಇವರು ಟೈಪ್ ಮಾಡ್ಬೋದು."

"ಸರಿ," ಎಂದರು ಪದ್ಮನಾಭಯ್ಯನವರು. ನನ್ನ ಮೇಜಿನಿಂದ ರಿಜಿಸ್ಟರು ಎಳೆದುಕೊಂಡು, ಕಡೆಯ ಹಾಳೆ ತೆರೆದು, ಜೇಬಿನ ಪೆನ್ನು ತೆಗೆದು, ಎಡಗಡೆ ಪುಟದಲ್ಲಿ ದುರ್ಗವ್ವ ಎಂದು ಬರೆದರು. ಬಲಗಡೆ ಪುಟದಲ್ಲಿ ಒಂದು ಸಣ್ಣ ಅಡ್ಡಗೆರೆ ಎಳೆದರು. "ಈಗ ರಿಜಿಸ್ಟರ್‌ನಲ್ಲಿ ಇದೆ. ಟೈಪ್ ಮಾಡಮ್ಮ."

"ನೀವು ರಿಟೈರ್ ಆಗಿದೀರಿ," ಎಂದರು ಬಸವಂತಪ್ಪನವರು.

"ಆಗಿದೀನಿ. ಹೊಡೆದುಹಾಕಿ ಹಾಗಾದ್ರೆ. ನಿಮ್ಮ ಕೈಯಾರೆ ಗೀಟು ಹಾಕಿ, ಪಕ್ಕದಲ್ಲಿ ಸಹಿ ಮಾಡಿ."

ಅವರು ಪೆನ್ನನ್ನು ಬಸವಂತಪ್ಪನವರ ಕಡೆ ಚಾಚಿದರು. ಬಸವಂತಪ್ಪನವರು ಪೆನ್ನು ನೋಡಿದರು, ತಟ್ಟೆಯ ಬೀಜ ನೋಡಿದರು, ಖಾಲಿ ಪಡಸಾಲೆಯನ್ನೂ ಒಮ್ಮೆ ನೋಡಿದರು. "ಹಿಂದಿನ ತಾರೀಖು ಮಾತ್ರ ಹಾಕ್ಬೇಡಿ," ಎಂದು ಹೇಳಿ ಒಳಗೆ ಹೋದರು. ಹೋಗುವಾಗ ಯಾರದೋ ಕಾಲು ತುಳಿದು, ಕ್ಷಮಿಸಿ ಎಂದರು.

ಮೂರನೆಯ ಓದಿನ ಭಾನುವಾರ ಪಟ್ಟಿಯ ಕೆಳಗೆ ಮೂರು ಸಾವಿರದ ನೂರ ಹದಿಮೂರು ಎಂದಿತ್ತು. ಹಿಂದಿನ ದಿನ ಹನ್ನೊಂದು ಸಲ ನೋಡಿದ್ದೆ; ಕಟ್ಟೆ ಹತ್ತುವ ಮುಂಚೆ ಇನ್ನೊಂದು ಸಲ ನೋಡಿದೆ. ರಾತ್ರಿ ಸಣ್ಣ ಮಳೆ ಬಿದ್ದು ಅಂಗಳ ಕೆಸರಾಗಿತ್ತು. ಮನೆ ಇರುವವರ ಹೆಸರು, ನಂಬರು. ಮನೆ ಇಲ್ಲದವರ ಹೆಸರು, ಒಂದು ಉಸಿರು. ಮುದ್ದಯ್ಯ ಕಂಡಾಗ ಅಂಗಳವೆಲ್ಲ ಹೋ ಎಂದಿತು. ಊರಿಗೆಲ್ಲ ನೇರ ಗೆರೆ ಕೊಟ್ಟವನು ಕನ್ನಡಿಯಲ್ಲಿ ತನ್ನನ್ನು ಕಾಣದೆ ಎರಡು ತಿಂಗಳ ಗಡ್ಡ ಬಿಟ್ಟಿದ್ದ. ಫ್ಲೋರಿನ್ ಟೀಚರ್ ಕಂಡದ್ದು ಪಿಸುಗುಡುತ್ತಿದ್ದ ಇಬ್ಬರು ಹುಡುಗಿಯರ ನಟ್ಟನಡುವೆ. ಇಮಾಮ್‌ಸಾಬಿ ಕಂಡವನೇ ಹಾಡು ಶುರುಮಾಡಿದ, ನಾಲ್ಕು ಜನ ಬಾಯಿ ಮುಚ್ಚಿಸಿದರು. ಅಚ್ಚಮ್ಮ ಎಂದು ಓದಿದೆ. ಮೊಣಕೈ ಮೇಲಿನ ಕೈ ಮೊದಲು ಕಂಡಿತು, ಆಮೇಲೆ ಸೀರೆ, ಅದೂ ತಿರುಗಾಮುರುಗಾ ಉಟ್ಟದ್ದು, ಆಮೇಲೆ ಆ ಹಲ್ಲಿನ ಸಂದಿ. "ಓದು ಓದು, ನಿಲ್ಲಿಸ್ಬೇಡ," ಎಂದಳು. ದನಿ ಮಡಕೆಯಿಂದ ಹೊರಗೆ ಬಂದಿತ್ತು.

ಕೊನೆಯ ಹೆಸರು ಉಳಿದಿತ್ತು. "ದುರ್ಗವ್ವ," ಎಂದೆ. ಒಂದು ಉಸಿರು ಬಿಟ್ಟೆ.

ಬೇವಿನ ಮರದ ಬುಡದಲ್ಲಿ, ಹಾಸಿದ ಚಾಪೆಯೊಂದರ ಮೇಲೆ ಸುತ್ತಿಟ್ಟ ಹೊಸ ಚಾಪೆಗಳ ಪಕ್ಕ, ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಆಸುಪಾಸು, ಎಲುಬಿನ ಮೈ, ಹುಲ್ಲು ಸೀಳಿ ಸೀಳಿ ಕಪ್ಪಾದ ಬೆರಳು, ಕೈಗೆ ಎರಡೇ ಬಳೆ. ಇಡೀ ಅಂಗಳ ಅವಳ ಕಡೆ ನೋಡಿತು. ಮೂರು ಸಾವಿರ ಜನ, ಆರು ಸಾವಿರ ಕಣ್ಣು. ಒಂಬತ್ತು ವರ್ಷ ಯಾರೂ ನೋಡದ ಮೈ ಅದು. ಅವಳು ಸೆರಗು ತಲೆಗೆ ಎಳೆದುಕೊಂಡಳು. ಮುಖಕ್ಕೆ ಎಳೆದುಕೊಂಡಳು. ಕಾಲು ಎಲ್ಲಿಡಬೇಕೆಂದು ತಿಳಿಯದೆ ಮರದ ಹಿಂದಕ್ಕೆ ಸರಿದಳು. ಜನ ಇನ್ನೂ ಸರಿಯಾಗಿ ಕಾಣಲೆಂದು ಮುಂದಕ್ಕೆ ಒತ್ತಿದರು.

"ಅಯ್ಯೋ, ಏನು ನೋಡ್ತೀರಿ ಹಾಗೆ," ಎಂದು ಅಜ್ಜಿ ಕಟ್ಟೆಯ ಮೇಲಿಂದ ಗದರಿದಳು. "ಅವಳಿಗೆ ನಾಚಿಕೆ ಆಗಲ್ವಾ. ಎಲ್ರೂ ಆ ಕಡೆ ತಿರುಗಿ."

ಎರಡು ತಿಂಗಳು ಮರೆಯಲ್ಲಿದ್ದವಳ ಮಾತು. ಮೊದಲು ತಿರುಗಿದ್ದು ಮುದ್ದಯ್ಯ, ಅವನ ಹಿಂದೆ ಇಮಾಮ್‌ಸಾಬಿ, ಟೀಚರ್, ಹುಡುಗಿಯರು. ಆಮೇಲೆ ಸಾಲು ಸಾಲಾಗಿ ಇಡೀ ಊರು ಹೊಳೆಯ ಕಡೆ ಮುಖ ಮಾಡಿತು. ಪದ್ಮನಾಭಯ್ಯನವರು ಎಲ್ಲರಿಗಿಂತ ಮುಂದೆ, ಕೈ ಕಟ್ಟಿಕೊಂಡು ನಿಂತರು. ನಾನೂ ಪಟ್ಟಿ ಎದೆಗೆ ಒತ್ತಿಕೊಂಡು ತಿರುಗಿದೆ. ಅವಸರದಲ್ಲಿ ಯಾವ ಕಡೆ ತಿರುಗಬೇಕೆಂದು ತಿಳಿಯದ ಬಸವಂತಪ್ಪನವರು ಮರದ ಹತ್ತಿರಕ್ಕೇ ಹೋಗಿಬಿಟ್ಟಿದ್ದರು. ಯಾರೂ ಹಿಂತಿರುಗಿ ನೋಡಲಿಲ್ಲ. ಬಹಳ ಹೊತ್ತು ಹಾಗೇ ನಿಂತೆವು. ಹೊಳೆದಂಡೆಯ ಹುಲ್ಲು ಗಾಳಿಗೆ ಬಾಗುವುದು ಕಾಣುತ್ತಿತ್ತು. "ಇಷ್ಟು" ಎನ್ನುವುದು ಇನ್ನೂ ಬಾಕಿ ಇತ್ತು. ನನಗೆ ಅವಸರವಿರಲಿಲ್ಲ.

ಆಗ ಹಿಂದಿನಿಂದ ಒಂದು ದನಿ ಬಂತು. ತುಕ್ಕು ಹಿಡಿದ ಬಾಗಿಲಿನಂತೆ ಮೊದಲು ಕಿರುಗುಟ್ಟಿ, ಕೆಮ್ಮಿ, ಮತ್ತೊಮ್ಮೆ ಶುರುವಾಯಿತು.

"ಸಾಹೇಬರ," ಎಂದಿತು ಅದು, "ರಾಡಿ ಕಾಲಾಗ ಚಾಪಿ ಮ್ಯಾಲೆ ನಿಂತೀರಿ. ಇಳೀರಿ."